ಕಾರ್ಖಾನೆ ಕಾಲೊನಿಯ ಫರಸಿ ಚರ್ಚ್: ಗೋಡೆ ಗಟ್ಟಿ, ಮಾಳಿಗೆ ಸೋರುತ್ತದೆ

ಕಲಬುರಗಿ ಜಿಲ್ಲೆಯ ವಾಡಿ-ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಯೊಂದು ತನ್ನ ಕಾರ್ಮಿಕರಿಗಾಗಿ ಕಟ್ಟಿಸಿಕೊಟ್ಟ ಚಿಕ್ಕ ಚರ್ಚ್ ಇದು. ಒತ್ತಿ ಕೂತರೆ ಎಂಬತ್ತು ಜನ ಹಿಡಿಸುತ್ತಾರೆ. ಗೋಡೆ ಒಂದೂವರೆ ಅಡಿ ದಪ್ಪ, ಊರ ಖಣಿಯದೇ ಕಲ್ಲು, ಸುಣ್ಣದ ಗಾರೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಸುಡುವಾಗಲೂ ಒಳಗೆ ಫ್ಯಾನ್ ಇಲ್ಲದೆ ಕೂರಬಹುದು. ಕಟ್ಟಿದ ಗೌಂಡಿಗಳಿಗೆ ಕೈ ಮುಗಿಯಬೇಕು.

ತೊಂದರೆ ಇರುವುದು ಮಾಳಿಗೆಯಲ್ಲಿ. ಹಳೆ ರೈಲು ಕಂಬಿಗಳನ್ನು ಎರಡೆರಡು ಅಡಿಗೆ ಕೂರಿಸಿ, ಮೇಲೆ ಒಂದೂವರೆ ಇಂಚಿನ ಫರಸಿ, ಅಂದರೆ ಇಲ್ಲಿನ ಚಪ್ಪಟೆ ಹಾಸುಗಲ್ಲು, ಹಾಸಿ, ಅದರ ಮೇಲೆ ಸುಣ್ಣದ ಗಚ್ಚು ಹಾಕಿದ್ದಾರೆ. ಅಲ್ಲಿಯವರೆಗೆ ಸರಿ. ಆಮೇಲೆ ಯಾರೋ ಸಂದುಗಳಿಗೆ ಸಿಮೆಂಟ್ ಮೆತ್ತಿದ್ದಾರೆ. ಹಗಲು ಕಾದು ರಾತ್ರಿ ಆರುವ ಕಲ್ಲು ಕೂದಲೆಳೆಯಷ್ಟು ಸರಿದಾಡುತ್ತದೆ. ಸಿಮೆಂಟ್ ಅದರ ಜೊತೆ ಸರಿಯುವುದಿಲ್ಲ, ಅಂಚಿನಲ್ಲೇ ಬಿರುಕು ಬಿಡುತ್ತದೆ. ಒಳಗಿಳಿದ ನೀರು ಆರುವುದೂ ಇಲ್ಲ, ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿದರೆ ಫರಸಿಯೇ ಸೀಳುತ್ತದೆ. ಸಂದಿಯನ್ನು ಉಳಿಯಿಂದ ಒಂದು ಇಂಚು ಕೆತ್ತಿ, ದೂಳು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಜರಡಿ ಮರಳು ಕಲಸಿ ತುಂಬಬೇಕು. ಒಂದು ವಾರ ಹಸಿ ಗೋಣಿ ಹೊದಿಸಬೇಕು. ಜನವರಿ ಒಳ್ಳೆಯದು, ಏಪ್ರಿಲ್ ಬಿಸಿಲಿಗೆ ಗಾರೆ ಬೇಗ ಒಣಗಿ ಪುಡಿಯಾಗುತ್ತದೆ. ಡಿಸೆಂಬರ್ ಬಂದರೆ ಬಣ್ಣಕ್ಕೆ ದುಡ್ಡು ಬರುತ್ತದೆ, ಮಾಳಿಗೆಗೆ ಬರುವುದಿಲ್ಲ. ಇದು ಬದಲಾಗಲೇಬೇಕು.

ಮಾಳಿಗೆ ಮೇಲೆ ಕೂರುವ ಸಿಮೆಂಟ್ ದೂಳಿನದು ಬೇರೆ ಕಾಟ. ಮೊದಲ ಮಳೆಗೆ ನೆನೆದರೆ ಗಟ್ಟಿ ಹೆಪ್ಪಾಗಿ ಮಳೆನೀರು ಇಳಿಯುವ ಕೊಳವೆ ಮುಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಒಣ ಪೊರಕೆಯಿಂದ ಗುಡಿಸಬೇಕು, ನೀರು ಹಾಕಿ ತೊಳೆಯಬಾರದು.

ಬಲಿಪೀಠದ ಮುಂದಿನ ನೆಲ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲೆ ತೆಗೆಯಲು ಆಸಿಡ್ ಸುರಿದ ಗುರುತು: ನುಣುಪು ಹೋಗಿ ಬಿಳಿಚಿಕೊಂಡಿದೆ, ಕೈಯಾಡಿಸಿದರೆ ಮರಳು ಕಾಗದ ಮುಟ್ಟಿದಂತೆ. ಫರಸಿ ಸುಣ್ಣದ ಕಲ್ಲು. ಆಸಿಡ್ ಬಿದ್ದಲ್ಲಿ ನೊರೆ ಬಂದು ಕರಗುತ್ತದೆ. ಹುಣಸೆ, ನಿಂಬೆ ಕೂಡ ಬೇಡ. ನೀರು, ಸ್ವಲ್ಪ ಸಾಬೂನು ಸಾಕು.

ಆರಾಧನೆ ಭಾನುವಾರ ಬೆಳಿಗ್ಗೆ 9ಕ್ಕೆ. 6ರಿಂದ 2ರ ಶಿಫ್ಟಿನವರಿಗೆ ಅದು ಸಿಗುವುದೇ ಇಲ್ಲ. ಸಂಜೆ 5ಕ್ಕೆ ಇನ್ನೊಂದು ಇಟ್ಟರೆ ಕಾರ್ಮಿಕರ ಚರ್ಚ್ ಅನ್ನುವ ಮಾತಿಗೆ ಅರ್ಥ ಬರುತ್ತದೆ. ಹೊರಗಿನವರು ಕಾಲೊನಿ ಗೇಟಿನಲ್ಲಿ ಮೊದಲೇ ಹೇಳಿ, ಗುರುತಿನ ಚೀಟಿ ತರಬೇಕು. ಚಪ್ಪಲಿ, ಬೂಟು ಮೆಟ್ಟಿಲ ಕೆಳಗೇ ಬಿಡಿ. ಅಡಿಯಲ್ಲಿ ಅಂಟಿದ ಹರಳು ನೆಲ ಗೀಚುತ್ತದೆ.