ಜೆಟ್ ಎಂಜಿನ್ ಕಂಟ್ರೋಲ್ ತರಬೇತಿ, ದಾವಣಗೆರೆ: ಪಾಠ ಗಟ್ಟಿ, ಲ್ಯಾಬ್ ಸಡಿಲ

ವಿದ್ಯಾನಗರದ ಈ ಎರಡು ದಿನದ ತರಬೇತಿಯಲ್ಲಿ ಮೊದಲ ದಿನಕ್ಕೇ ಕೊಟ್ಟ ದುಡ್ಡು ವಸೂಲು. ಮ್ಯಾಕ್ 2 (ಶಬ್ದದ ಎರಡರಷ್ಟು ವೇಗ), ಎತ್ತರ 11 ಕಿ.ಮೀ.: ಹೊರಗಿನ ಗಾಳಿ ಸುಮಾರು ಮೈನಸ್ 56 ಡಿಗ್ರಿ, ಅದೇ ಗಾಳಿ ಕಂಪ್ರೆಸರ್ (ಗಾಳಿಯನ್ನು ಒತ್ತುವ ಭಾಗ) ಬಾಯಿಗೆ ಬರುವಾಗ ವೇಗ ತಗ್ಗಿ, ಬಿಸಿಯಾಗಿ 117 ಡಿಗ್ರಿ. ಶಾಫ್ಟ್ ಪೂರ್ತಿ 100% ತಿರುಗಿದರೂ ಕರೆಕ್ಟೆಡ್ ಸ್ಪೀಡ್ (ಒಳಬರುವ ಗಾಳಿಯ ಉಷ್ಣತೆಗೆ ಹೊಂದಿಸಿ ಲೆಕ್ಕ ಹಾಕಿದ ವೇಗ) 86%ಕ್ಕೆ ಇಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ, ಕಂಪ್ರೆಸರ್ ಮ್ಯಾಪಿನಲ್ಲಿ (ಗಾಳಿಯ ಹರಿವು, ಒತ್ತಡ, ವೇಗಗಳ ನಕ್ಷೆ) ಬಿಂದು ಸರಿಯುವುದನ್ನು ತೋರಿಸುತ್ತಾರೆ. ಇನ್‌ಟೇಕ್ (ಗಾಳಿ ಒಳಬರುವ ದಾರಿ) ಪಾಠವೂ ಚೆನ್ನ. ಇದೇ ಮ್ಯಾಕ್ 2ರಲ್ಲಿ ಒಂದೇ ನಾರ್ಮಲ್ ಶಾಕ್ (ಹರಿವಿಗೆ ನೇರ ಅಡ್ಡಲಾಗಿ ನಿಲ್ಲುವ ಆಘಾತ ತರಂಗ) ಇದ್ದರೆ ಒಟ್ಟು ಒತ್ತಡದಲ್ಲಿ ಉಳಿಯುವುದು 72%. ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಾಂಕಾರ್ಡ್‌ಗೆ ಚಲಿಸುವ ರ‍್ಯಾಂಪ್ (ಒಂದು ದೊಡ್ಡ ಶಾಕ್ ಬದಲು ಹಲವು ಮೆಲು ಶಾಕ್ ಮಾಡುವ ಇಳಿಜಾರು ಹಲಗೆ) ಯಾಕೆ ಬೇಕಾಯಿತು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಎರಡನೇ ದಿನದ ಲ್ಯಾಬ್ ಮಾತ್ರ ಅವಸರದ್ದು. ಕೊಡುವ ಎಂಜಿನ್ ಸಿಮ್ಯುಲೇಷನ್ನಿನ ಮಾದರಿ ಫೈಲಿನಲ್ಲಿ ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಕಾಲ) 20 ಮಿಲಿಸೆಕೆಂಡ್. ರೋಟರಿನ ಜಡತ್ವಕ್ಕೆ ಅಷ್ಟು ಸಾಕು. ಆದರೆ ಕಂಬಸ್ಟರಿನ (ಇಂಧನ ಉರಿಯುವ ಕೋಣೆ) ಒತ್ತಡ ಬಲು ಬೇಗ ಬದಲಾಗುವಂಥದ್ದು; ಅದರ ಸಮೀಕರಣ ಸೇರಿಸಿದ ಕೂಡಲೇ ಗ್ರಾಫ್ ಗರಗಸದ ಹಲ್ಲಾಗಿ ಸಿಮ್ಯುಲೇಷನ್ ಕುಸಿಯುತ್ತದೆ. 1 ಮಿಲಿಸೆಕೆಂಡಿಗೋ ಅದಕ್ಕಿಂತ ಕೆಳಕ್ಕೋ ಇಳಿಸಿಕೊಳ್ಳಿ. ಇನ್ನೊಂದು: ಥ್ರಾಟಲ್ ಏರಿಸಿದಾಗ ಸರ್ಜ್ (ಕಂಪ್ರೆಸರಿನಲ್ಲಿ ಗಾಳಿ ಹಿಮ್ಮೆಟ್ಟುವುದು) ತಪ್ಪಿಸುವ ಇಂಧನ ಮಿತಿ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ, ಆದರೆ ಸ್ಪೀಡ್ ಕಂಟ್ರೋಲರಿನ ಇಂಟಿಗ್ರೇಟರ್ (ಗುರಿಗೂ ಈಗಿನ ವೇಗಕ್ಕೂ ಇರುವ ಅಂತರವನ್ನು ಕೂಡಿಸುತ್ತಾ ಹೋಗುವ ಭಾಗ) ಒಳಗೊಳಗೇ ತುಂಬುತ್ತಿರುತ್ತದೆ; ಮಿತಿ ಬಿಟ್ಟ ಕ್ಷಣ ವೇಗ ಗುರಿ ದಾಟಿಬಿಡುತ್ತದೆ. ಹೀಗೆ ತುಂಬುವುದನ್ನು ತಡೆಯುವ ಆಂಟಿ-ವೈಂಡಪ್ ಬಗ್ಗೆ ಇರುವುದು ಒಂದೇ ಸ್ಲೈಡ್. ಸಂಜೆಯ ಮಂಡಕ್ಕಿ-ಮಿರ್ಚಿಗೆ ಹೋದ ಮುಕ್ಕಾಲು ಗಂಟೆಯನ್ನು ಇದಕ್ಕೆ ಕೊಡಬಹುದಿತ್ತು. ಮಿರ್ಚಿ ಚೆನ್ನಾಗಿಯೇ ಇತ್ತು ಅನ್ನಿ.