ಲಂಡನ್–ಪ್ಯಾರಿಸ್: ವಿಮಾನವೋ, ರೈಲೋ, ಬಸ್ಸೋ?

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ಗೆರೆ ಎಳೆದರೆ ಸುಮಾರು 344 ಕಿ.ಮೀ. ಟಿಕೆಟ್ ನೋಡಿದರೆ ವಿಮಾನಕ್ಕೆ ಒಂದೂಕಾಲು ಗಂಟೆ, ಯೂರೋಸ್ಟಾರ್ ರೈಲಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಇಷ್ಟನ್ನೇ ನೋಡಿ ವಿಮಾನ ಬುಕ್ ಮಾಡಬೇಡಿ. ನಾನು ಎರಡರಲ್ಲೂ ಹೋಗಿದ್ದೇನೆ, ರಾತ್ರಿ ಬಸ್ಸಲ್ಲೂ ಹೋಗಿದ್ದೇನೆ. ನನ್ನ ಓಟು ರೈಲಿಗೆ.

ವಿಮಾನ ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ ಆಸುಪಾಸು ಅಷ್ಟೇ. ಉಳಿದದ್ದೆಲ್ಲ ರನ್‌ವೇಗಾಗಿ ಕಾಯುವುದು, ಇಳಿದ ಮೇಲೆ ಗೇಟ್ ಸೇರುವುದು. ಆದರೆ ಹೀಥ್ರೂ ಏರ್‌ಪೋರ್ಟ್ ಇರುವುದು ಲಂಡನ್‌ನ ಪಶ್ಚಿಮದ ಅಂಚಿನಲ್ಲಿ, ಊರ ನಡುವಿನಿಂದ ಪಿಕಡಿಲಿ ಲೈನ್ ಮೆಟ್ರೋ ಹಿಡಿದರೆ ಹತ್ತಿರ ಹತ್ತಿರ ಒಂದು ಗಂಟೆ, ಅಲ್ಲಿ ಸೆಕ್ಯುರಿಟಿಗೆ ಅಂತ ಎರಡು ಗಂಟೆ ಮುಂಚೆ ಇರಬೇಕು, ಆ ಕಡೆ ಪ್ಯಾರಿಸ್ ಏರ್‌ಪೋರ್ಟ್ ಶಾರ್ಲ್ ದ ಗಾಲ್‌ನಲ್ಲಿ ನಮ್ಮ ಪಾಸ್‌ಪೋರ್ಟ್ ಹಿಡಿದು ಇಮಿಗ್ರೇಷನ್ ಸಾಲಲ್ಲಿ ನಿಂತು, ಬ್ಯಾಗ್ ಬರುವವರೆಗೆ ಕಾದು, ಮತ್ತೆ 25 ಕಿ.ಮೀ. ದೂರದ ಪ್ಯಾರಿಸ್‌ಗೆ ಆರ್‌ಇಆರ್ ಬಿ ಲೋಕಲ್ ರೈಲು ಹತ್ತಬೇಕು. ಮನೆಯಿಂದ ಹೋಟೆಲ್‌ಗೆ ಐದೂವರೆ ಗಂಟೆ ಆಗೇ ಆಗುತ್ತದೆ.

ರೈಲಿನ ಹಳಿ ಉದ್ದವೇ, ಸುಮಾರು 490 ಕಿ.ಮೀ. ಆದರೂ ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುತ್ತದೆ. 50 ಕಿ.ಮೀ. ಉದ್ದದ, ಸಮುದ್ರ ದಾಟುವ ಸುರಂಗದಲ್ಲಿ ಮಾತ್ರ ನಿಧಾನ, ಅದೂ ಇಪ್ಪತ್ತು ನಿಮಿಷ ಚಿಲ್ಲರೆ. ರೈಲು ಹೊರಡುವ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ಊರ ಒಳಗೇ ಇದೆ. ಮುಖ್ಯ ವಿಷಯ ಏನಂದರೆ, ಫ್ರಾನ್ಸ್‌ನ ಪೊಲೀಸರು ಲಂಡನ್ ಸ್ಟೇಷನ್‌ನಲ್ಲೇ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನೋಡಿ ಮುಗಿಸುತ್ತಾರೆ, ಹಾಗಾಗಿ ಪ್ಯಾರಿಸ್ ಸ್ಟೇಷನ್ ಗಾರ್ ದು ನೋರ್‌ನಲ್ಲಿ ಇಳಿದ ತಕ್ಷಣ ಸೀದಾ ರಸ್ತೆಗೆ. ಒಂದೂಕಾಲು ಗಂಟೆ ಮುಂಚೆ ಹೋದರೂ ಒಟ್ಟು ನಾಲ್ಕೂವರೆ ಗಂಟೆ. ದ್ರವ ಪದಾರ್ಥಕ್ಕೆ 100 ಮಿ.ಲೀ. ಮಿತಿ ಅನ್ನುವ ನಿಯಮವೂ ಇಲ್ಲ, ಮಗುವಿನ ನೀರಿನ ಬಾಟಲಿ, ಪುಳಿಯೋಗರೆ ಗೊಜ್ಜು ಎಲ್ಲಾ ಜೊತೆಗೇ ಬರುತ್ತದೆ. ತುಪ್ಪ, ಪೇಡ ಮಾತ್ರ ಬೇಡ, ಬ್ರಿಟನ್‌ನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ.

ಟಿಕೆಟ್‌ನಲ್ಲಿನ ಗಂಟೆ ನೋಡುವಾಗ ಹುಷಾರು. ಪ್ಯಾರಿಸ್ ಒಂದು ಗಂಟೆ ಮುಂದಿದೆ. ಅಲ್ಲಿಂದ ಹತ್ತಕ್ಕೆ ಹೊರಟ ವಿಮಾನ ಲಂಡನ್‌ಗೆ ಹತ್ತೂಕಾಲಿಗೇ ಬಂದಂತೆ ಕಾಣುತ್ತದೆ. ಹೋಗುವಾಗ ಆ ಗಂಟೆ ಕಳೆದುಹೋಗುತ್ತದೆ, ಮಧ್ಯಾಹ್ನದ ಮ್ಯೂಸಿಯಂ ಟಿಕೆಟ್ ತಗೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಬಸ್ಸು ಎಂಟೊಂಬತ್ತು ಗಂಟೆ. ಲಂಡನ್ನಿನ ವಿಕ್ಟೋರಿಯಾ ಬಸ್ ನಿಲ್ದಾಣದಲ್ಲಿ ಹತ್ತಿದರೆ ಪ್ಯಾರಿಸ್‌ನ ಬೆರ್ಸಿಯಲ್ಲಿ ಇಳಿಸುತ್ತಾರೆ. ಅಗ್ಗ ನಿಜ, ಆದರೆ ಮಧ್ಯರಾತ್ರಿ ಪಾಸ್‌ಪೋರ್ಟ್ ತೋರಿಸಲು ಎಬ್ಬಿಸಿ ಇಳಿಸುತ್ತಾರೆ, ನಿದ್ದೆ ಆಗಲ್ಲ. ಓದುವ ಹುಡುಗರಿಗೆ ಸರಿ, ಊರಿಂದ ಬಂದ ಅಪ್ಪ ಅಮ್ಮನನ್ನು ಖಂಡಿತ ಕೂರಿಸಬೇಡಿ.

ಹಾಗಂತ ವಿಮಾನ ಯಾವತ್ತೂ ಬೇಡ ಅಂತಲ್ಲ. ಹೌನ್ಸ್ಲೋ, ಸ್ಲೌ ಕಡೆ ಮನೆ ಇದ್ದರೆ ಹೀಥ್ರೂ ಪಕ್ಕದಲ್ಲೇ, ಲೆಕ್ಕ ಹೆಚ್ಚುಕಮ್ಮಿ ಸಮ ಆಗುತ್ತದೆ. ಶಾರ್ಲ್ ದ ಗಾಲ್‌ನಿಂದ ಬೆಂಗಳೂರಿಗೆ ವಿಮಾನ ಬದಲಾಯಿಸುವವರಿಗೂ ಅದೇ ಸರಿ. ಇನ್ನು ದುಡ್ಡು. ರೈಲಿನ ಟಿಕೆಟ್ ಕೊನೇ ವಾರದಲ್ಲಿ ವಿಪರೀತ ಏರುತ್ತದೆ, ಎರಡು ಮೂರು ತಿಂಗಳು ಮುಂಚೆಯೇ, ಅದರಲ್ಲೂ ಮಂಗಳವಾರ ಬುಧವಾರದ್ದು ನೋಡಿ. ಅಗ್ಗದ ವಿಮಾನ ಸಿಕ್ಕಿತು ಅನ್ನಿಸಿದರೆ ಅದಕ್ಕೆ ಸೂಟ್‌ಕೇಸ್ ದರ ಮತ್ತು ಎರಡೂ ಕಡೆಯ ಏರ್‌ಪೋರ್ಟ್ ರೈಲಿನ ದರ ಸೇರಿಸಿ, ಆಮೇಲೆ ಬುಕ್ ಮಾಡಿ.