ಯೋಕ್‌ಗೆ ಡ್ರಾಯರ್ ಚಾನೆಲ್ಲೋ, ಲೀನಿಯರ್ ಬೇರಿಂಗೋ?

ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ಗೆ ಮನೆಯಲ್ಲೇ ಯೋಕ್ ಕಟ್ಟುವವರಿಗೆ ಈ ಪ್ರಶ್ನೆ. ಯೋಕ್ ಅಂದರೆ ವಿಮಾನದ ಹ್ಯಾಂಡಲ್: ತಿರುಗಿಸಿದರೆ ವಿಮಾನ ವಾಲುತ್ತದೆ, ಹಿಂದಕ್ಕೆಳೆದರೆ ಮೂಗು ಏಳುತ್ತದೆ. ಆ ಹಿಂದೆ ಮುಂದೆ ಓಟಕ್ಕೆ ಎರಡನ್ನೂ ಕಟ್ಟಿ, ಒಂದೇ ಹ್ಯಾಂಡಲ್ ಹಾಕಿ ಹಾರಿಸಿ ನೋಡಿದ ಮೇಲೆ ನನ್ನ ಓಟು 12 ಮಿ.ಮೀ ರಾಡ್ ಮತ್ತು ಅದರ ಮೇಲೆ ಜಾರುವ ಲೀನಿಯರ್ ಬೇರಿಂಗ್‌ಗೆ. ಡ್ರಾಯರ್‌ಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ ಅಗ್ಗ, ಮೈಸೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಪ್ಲೈವುಡ್‌ಗೆ ಬೇಗ ಕೂರುತ್ತದೆ. ಆದರೆ ಲ್ಯಾಂಡಿಂಗ್ ಹೊತ್ತಿಗೆ ಕೈ ಕೊಡುತ್ತದೆ.

ಫುಲ್ ಎಕ್ಸ್‌ಟೆನ್ಷನ್ ಚಾನೆಲ್‌ನಲ್ಲಿ ಮೂರು ಪಟ್ಟಿಗಳಿರುತ್ತವೆ. ಒಂದು ಪಟ್ಟಿ ತನ್ನ ಓಟ ಮುಗಿಸಿದ ಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತದೆ. ಆ ಜಾಗದಲ್ಲಿ ‘ಟಕ್’ ಅಂತ ಸಣ್ಣ ತಡೆ. ಡ್ರಾಯರ್‌ನಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಫ್ಲೇರ್‌ನಲ್ಲಿ (ಚಕ್ರ ನೆಲ ಮುಟ್ಟುವ ಮುಂಚೆ ಮೂಗನ್ನು ಸ್ವಲ್ಪ ಎತ್ತುವ ಹೊತ್ತಿನಲ್ಲಿ) ಮಾತ್ರ ಯೋಕನ್ನು ಕೂದಲೆಳೆಯಷ್ಟೇ ಹಿಂದಕ್ಕೆ ತರಬೇಕು. ತಡೆ ಬಿಡಿಸಲು ಚೂರು ಜೋರು ಹಾಕಿದಿರೋ, ಬಿಟ್ಟ ತಕ್ಷಣ ಯೋಕ್ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ, ಮೂಗು ಮೇಲೇಳುತ್ತದೆ, ವಿಮಾನ ತೇಲುತ್ತಾ ಹೋಗುತ್ತದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್. ಎಟಿಆರ್ (ಪ್ರೊಪೆಲರ್‌ನ ಪ್ರಯಾಣಿಕ ವಿಮಾನ) ಇಳಿಸುವಾಗ ಹೀಗೆ ತೇಲಿದರೆ ಆಟ ಮುಗಿದಂತೆ.

ಕಂಪನಿಯ ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಓಟ ಹಗುರಾಗುತ್ತದೆ, ಟಕ್ ಹೋಗುವುದಿಲ್ಲ. ಉದ್ದದ ಚಾನೆಲ್ ತಂದು ಮುಚ್ಚುವ ತುದಿಯ ಹಿಡಿತದಿಂದ ದೂರ ಉಳಿಯಬಹುದು, ಪಟ್ಟಿ ಬದಲಾಗುವ ಜಾಗ ಮಾತ್ರ ಎಲ್ಲೋ ಮಧ್ಯೆ ಬಂದೇ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಡೆಡ್‌ಜೋನ್ (ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಹೆಚ್ಚಿಸಿಯೂ ಪ್ರಯೋಜನವಿಲ್ಲ, ತಡೆ ಇರುವುದು ಕೈಯಲ್ಲಿ. ಸಾಫ್ಟ್ ಕ್ಲೋಸ್ ಚಾನೆಲ್ ಅಂತೂ ತರಲೇಬೇಡಿ.

ರಾಡ್ ವಿಧಾನಕ್ಕೆ ಎರಡು ಸಮಾನಾಂತರ ರಾಡ್, ನಾಲ್ಕು ಎಲ್‌ಎಂ12ಯುಯು ಬೇರಿಂಗ್ ಬೇಕು (ಒಳಗೆ 12, ಹೊರಗೆ 21, ಉದ್ದ 30 ಮಿ.ಮೀ). ರಾಡ್ ಗಟ್ಟಿ ಮಾಡಿದ ಉಕ್ಕಿನದು, ಹ್ಯಾಕ್‌ಸಾ ಬ್ಲೇಡ್ ಜಾರುತ್ತದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆಯ ಯಾವುದಾದರೂ ವರ್ಕ್‌ಶಾಪ್‌ನಲ್ಲಿ ಕಟ್-ಆಫ್ ವೀಲ್‌ನಿಂದ ಕತ್ತರಿಸಿಕೊಳ್ಳಿ. ಒಂದು ರಾಡನ್ನು ಮೊದಲು ಬಿಗಿ ಮಾಡಿ. ಇನ್ನೊಂದರ ಸ್ಕ್ರೂ ಸಡಿಲವಿಟ್ಟು ಕ್ಯಾರೇಜನ್ನು (ಬೇರಿಂಗ್‌ಗಳ ಮೇಲೆ ಕೂತು ಹ್ಯಾಂಡಲ್ ಹೊತ್ತು ಜಾರುವ ಭಾಗ) ಒಂದು ತುದಿಗೆ ತಂದು ಆ ತುದಿ ಬಿಗಿಯಿರಿ, ಆಮೇಲೆ ಮತ್ತೊಂದು ತುದಿ. ಹೀಗೆ ಮಾಡದಿದ್ದರೆ ಬೇರಿಂಗ್ ಎಷ್ಟೇ ಒಳ್ಳೆಯದಿದ್ದರೂ ಕಚ್ಚಿಕೊಳ್ಳುತ್ತದೆ. ಒಂದೇ ರಾಡ್‌ನ ಎರಡು ಬೇರಿಂಗ್‌ಗಳ ನಡುವೆ 100 ಮಿ.ಮೀ ಬಿಡಿ, ಹತ್ತಿರ ಕೂರಿಸಿದಷ್ಟೂ ಹ್ಯಾಂಡಲ್ ಭಾರಕ್ಕೆ ಕ್ಯಾರೇಜ್ ಓರೆಯಾಗುತ್ತದೆ.

ಯೋಕ್ ಎಷ್ಟು ಅಲುಗಿತೆಂದು ಅಳೆಯುವ ಸೆನ್ಸರ್ ಚಾನೆಲ್, ರಾಡ್ ಎರಡಕ್ಕೂ ಒಂದೇ. 300 ಡಿಗ್ರಿ ತಿರುಗುವ 10ಕೆ ಪೊಟೆನ್ಶಿಯೋಮೀಟರ್ (ರೇಡಿಯೋದ ವಾಲ್ಯೂಮ್ ಗುಂಡಿಯಂಥದ್ದು) ಹಾಕಿ ಯೋಕ್ 180 ಡಿಗ್ರಿ ತಿರುಗಿದರೆ ಆರ್ಡುಯಿನೊ ಬೋರ್ಡ್ ಓದುವ 1,024 ಹಂತಗಳಲ್ಲಿ ಸಿಗುವುದು ಸುಮಾರು 600. ಶಾಫ್ಟ್‌ಗೆ ಕೂರಿಸಿದ ಅಯಸ್ಕಾಂತದ ತಿರುವನ್ನು ಮುಟ್ಟದೆಯೇ ಓದುವ ಎಎಸ್5600 ಚಿಪ್‌ನಲ್ಲಿ ಅದೇ ತಿರುವಿಗೆ 2,048, ಸವೆತವೂ ಇಲ್ಲ. ಅಯಸ್ಕಾಂತದ ಎರಡು ಧ್ರುವಗಳೂ ಚಿಪ್ ಕಡೆಯ ಒಂದೇ ಮುಖದಲ್ಲಿ ಅಕ್ಕಪಕ್ಕ ಬರುವಂಥದ್ದೇ ಆಗಬೇಕು. ಮಾಮೂಲಿ ಬಿಲ್ಲೆ ಹಾಕಿದರೆ ರೀಡಿಂಗ್ ಅರ್ಥವಿಲ್ಲದ್ದು. ಉಕ್ಕಿನ ಶಾಫ್ಟ್‌ಗೆ ನೇರ ಅಂಟಿಸದೆ ಪ್ಲಾಸ್ಟಿಕ್ ಹಿಡಿಕೆಯಲ್ಲಿ ಕೂರಿಸಿ.

ಪಿಚ್‌ಗೆ, ಅಂದರೆ ಯೋಕಿನ ಹಿಂದೆ ಮುಂದೆ ಓಟ ಅಳೆಯಲು, ಜಿಟಿ2 ಬೆಲ್ಟ್ (2 ಮಿ.ಮೀಗೆ ಒಂದು ಹಲ್ಲು). ಇಲ್ಲಿ 20 ಹಲ್ಲಿನ ಪುಲ್ಲಿ ಹಾಕಿದರೆ 40 ಮಿ.ಮೀಗೇ ಒಂದು ಸುತ್ತು ಮುಗಿದು ರೀಡಿಂಗ್ ಸೊನ್ನೆಗೆ ಹಾರುತ್ತದೆ, ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ರೆಕ್ಕೆ) ಒಮ್ಮೆಲೇ ಆ ತುದಿಯಿಂದ ಈ ತುದಿಗೆ. 80 ಹಲ್ಲಿನದು 160 ಮಿ.ಮೀ ಕೊಡುತ್ತದೆ, 150 ಮಿ.ಮೀ ಓಟ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ತಿರುವಿಗೊಂದು, ಪಿಚ್‌ಗೊಂದು ಹಾಕುವ ಎರಡು ಎಎಸ್5600ಗಳಿಗೂ ಐ2ಸಿ (ಚಿಪ್‌ಗಳು ಬೋರ್ಡ್ ಜೊತೆ ಮಾತಾಡುವ ಸಂಪರ್ಕ) ವಿಳಾಸ ಒಂದೇ ಆದ್ದರಿಂದ ಅನಲಾಗ್ ಔಟ್ ಬಳಸಿ, ಇಲ್ಲವೇ ಒಮ್ಮೆಗೆ ಒಂದನ್ನೇ ಜೋಡಿಸುವ ಮಲ್ಟಿಪ್ಲೆಕ್ಸರ್ ಹಾಕಿ. ಅನಲಾಗ್‌ನಲ್ಲಿ ಓದಿದರೆ ಬೋರ್ಡಿನ 10 ಬಿಟ್‌ಗೇ (1,024 ಹಂತ) ಇಳಿಯುತ್ತದೆ, ಹಾಗಾಗಿ ನನ್ನ ಆಯ್ಕೆ ಮಲ್ಟಿಪ್ಲೆಕ್ಸರ್.

ಬೋರ್ಡ್: ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ನೇರ ಜಾಯ್‌ಸ್ಟಿಕ್ ಆಗಿ ಕಾಣುವ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ. ಊನೊ ಬೇಡ.

ಆಟೋಪೈಲಟ್ ಹಾಕಿ ಬೆಂಗಳೂರಿಂದ ದೆಹಲಿಗೆ ಹೋಗುವ ಅಭ್ಯಾಸದವರಿಗೆ, ದುಡ್ಡೂ ಬಿಗಿಯಿದ್ದರೆ, ಚಾನೆಲ್ ಸಾಕು. ನನ್ನದು ಚಿಕ್ಕ ಸೆಸ್ನಾ, ಸರ್ಕ್ಯೂಟ್ (ರನ್‌ವೇ ಸುತ್ತ ಒಂದು ಸುತ್ತು ಹಾಕಿ ಇಳಿಯುವುದು) ಮೇಲೆ ಸರ್ಕ್ಯೂಟ್, ಎಲ್ಲ ಲ್ಯಾಂಡಿಂಗೂ ಕೈಯಲ್ಲೇ, ಅದಕ್ಕೆ ರಾಡ್. ರಾಡ್, ಎಎಸ್5600 ಎರಡನ್ನೂ ಒಟ್ಟಿಗೆ ಕೊಳ್ಳಲು ಆಗದವರು ಸೆನ್ಸರ್‌ನ ದುಡ್ಡು ಉಳಿಸಿ ಮೊದಲು ರಾಡ್ ತನ್ನಿ. ಪೊಟೆನ್ಶಿಯೋಮೀಟರನ್ನು ಆಮೇಲೆ ಅರ್ಧ ಗಂಟೆಯಲ್ಲಿ ಬದಲಿಸಬಹುದು, ಚಾನೆಲ್ ಬದಲಿಸಲು ಡಬ್ಬವನ್ನೇ ಬಿಚ್ಚಬೇಕು.